ಪಿಸುಮಾತಿನ ಮನೆ

ಫೆಬ್ರವರಿ 4, ಮಂಗಳವಾರ

ಇವತ್ತು ಉಗ್ರಾಣದಲ್ಲಿ ನನ್ನ ಮಾನ ಹೋಯಿತು. ಮೇಲಿನ ಹಲಗೆಯಿಂದ ಬೇರಿಂಗುಗಳ ಡಬ್ಬ ಜಾರಿ ಬಿತ್ತು. ಬಿದ್ದದ್ದು ನನ್ನಿಂದ ಎಷ್ಟೋ ದೂರದಲ್ಲಿ. ಕಣ್ಣು ಬಿಟ್ಟಾಗ ನಾನು ಮೇಜಿನ ಕೆಳಗಿದ್ದೆ, ಮೊಣಕಾಲನ್ನು ಎದೆಗೆ ಒತ್ತಿಕೊಂಡು. ಅಲ್ಲಿಗೆ ಯಾವಾಗ ನುಸುಳಿದೆನೋ ನನಗೇ ಗೊತ್ತಿಲ್ಲ. ಐವತ್ತು ದಾಟಿದ ಮನುಷ್ಯ, ಒಂದು ಕಾಲಕ್ಕೆ ಹನ್ನೆರಡನೇ ಮಹಡಿಯ ಎತ್ತರದಲ್ಲಿ ನಿಂತು ಲಿಫ್ಟಿನ ಹಗ್ಗ ಬದಲಾಯಿಸಿದವನು.

ಮೇಸ್ತ್ರಿ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಬಗ್ಗಿ ನನ್ನ ಮುಖ ನೋಡಿದ, ಕೈ ಕೊಟ್ಟು ಎಬ್ಬಿಸಿದ, ಬಾಗಿಲು ಮುಚ್ಚಿ ಚಹಾ ತರಿಸಿದ.

"ಮೂರು ವರ್ಷ ಆಯ್ತು. ಒಂದು ಮೂಳೆ ಮುರೀಲಿಲ್ಲ, ಒಂದು ಹೊಲಿಗೆ ಬೀಳಲಿಲ್ಲ. ಆದ್ರೆ ನೀನು ಆ ಗುಂಡಿಯಿಂದ ಇನ್ನೂ ಮೇಲಕ್ಕೆ ಬಂದಿಲ್ಲ ಕಣಯ್ಯಾ."

ಅವನ ತಂಗಿ ಕಾರು ಅಪಘಾತದಲ್ಲಿ ಬದುಕಿ ಉಳಿದವಳು. ಅವಳಿಗೆ ಯಾರೋ ಹೆಂಗಸು ಗುಣ ಮಾಡಿದ್ದಾಳಂತೆ. ಮಾತ್ರೆಯಿಲ್ಲ, ಸೂಜಿಯಿಲ್ಲ, ಮೈಯನ್ನು ಮೈಯಿಂದಲೇ ಸರಿಪಡಿಸುವುದಂತೆ. "ಗುರುವಾರ ಹೋಗು. ಹೋಗಲ್ಲ ಅಂದ್ರೆ ಉಗ್ರಾಣದ ಕೀಲಿ ನನ್ನ ಕೈಗೆ ಕೊಡು" ಎಂದ.

ಮನೆಗೆ ಬಂದರೆ ಇವಳು ಮೇಜಿನ ಮೇಲೆ ಲೋಟ ಇಟ್ಟ ಸದ್ದಿಗೇ ಮೈ ಜುಮ್ಮೆಂದಿತು. ಹೆಂಡತಿಯಾದವಳಿಗೆ ಇಷ್ಟೂ ತಿಳಿಯಬಾರದೆ? ನಾನೇನೂ ಅನ್ನಲಿಲ್ಲ. ನೋಡಿದೆ ಅಷ್ಟೆ. ಲೋಟ ಎತ್ತಿ, ಕೆಳಗೊಂದು ಬಟ್ಟೆಯ ತುಂಡು ಹಾಸಿ, ಮತ್ತೆ ಇಟ್ಟಳು.

ಫೆಬ್ರವರಿ 6, ಗುರುವಾರ

ಹೋಗಿ ಬಂದೆ. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯ ಮೇಲಿನ ಮಹಡಿ. ಮೆಟ್ಟಿಲ ಉದ್ದಕ್ಕೂ ಬಿಸಿ ಹಬೆ, ಸೋಪಿನ ವಾಸನೆ. ಮೇಲೆ ಒಂದೇ ಕೋಣೆ. ನೆಲಕ್ಕೆ ದಪ್ಪ ಚಾಪೆ, ಗೋಡೆಗೊರಗಿಸಿದ ದಿಂಬುಗಳು, ಎರಡು ಕುರ್ಚಿ, ಒಂದು ದೊಡ್ಡ ಕಿಟಕಿ. ಆ ಹೆಂಗಸಿಗೆ ಹೆಚ್ಚುಕಡಿಮೆ ನನ್ನ ವಯಸ್ಸು. ನರೆತ ಕೂದಲನ್ನು ಮೋಟಾಗಿ ಕತ್ತರಿಸಿಕೊಂಡಿದ್ದಾಳೆ, ಬರಿಗಾಲು. ಮೊದಲು ಆಸ್ಪತ್ರೆಯಲ್ಲಿ ಕಾಲು ಮುರಿದವರಿಗೆ ಮತ್ತೆ ನಡೆಯುವುದನ್ನು ಕಲಿಸುತ್ತಿದ್ದಳಂತೆ. ಮೂಳೆ ಕೂಡಿದ ಮೇಲೂ ಕಾಲೂರಲು ಹೆದರುವವರನ್ನು ನೋಡಿ ನೋಡಿ ಈ ವಿದ್ಯೆ ಕಲಿಯಲು ಹೋದಳಂತೆ. "ನಾನು ಡಾಕ್ಟರಲ್ಲ" ಎಂದು ಮೊದಲೇ ಹೇಳಿದಳು. ಇರಲಿ, ಇಲ್ಲಿ ನಾನು ಚಾಪೆ ಡಾಕ್ಟರು ಎಂದೇ ಬರೆಯುತ್ತೇನೆ.

ಗಂಟಲು ಸರಿಮಾಡಿಕೊಂಡು ಮೊದಲಿಂದ ಹೇಳಲು ಶುರು ಮಾಡಿದೆ. ಕೈಯೆತ್ತಿ ತಡೆದಳು.

"ಕಥೆ ಆಮೇಲೆ. ಈಗ ನಿಮ್ಮ ಕಾಲು ಏನು ಹೇಳ್ತಿದೆ?"

"ಕಾಲಿಗೆ ಮಾತು ಬಂದಿದ್ರೆ ನಾನ್ಯಾಕೆ ಬರ್ತಿದ್ದೆ? ಅದನ್ನೇ ಕಳಿಸ್ತಿದ್ದೆ."

ಗಟ್ಟಿಯಾಗಿ ನಕ್ಕುಬಿಟ್ಟಳು. ನಾನು ಬೆಚ್ಚಿಬಿದ್ದೆ.

"ಈಗ ಬೆಚ್ಚಿದ್ರಲ್ಲ, ಎಲ್ಲಿ ಬೆಚ್ಚಿದ್ರಿ?"

"ಇಲ್ಲೇ. ಈ ಕುರ್ಚೀಲಿ."

"ಮೈಯಲ್ಲಿ ಎಲ್ಲಿ?"

ಇದೆಂಥ ಪ್ರಶ್ನೆ! ಹೊಟ್ಟೆಯಲ್ಲಿ ಎಂದೆ. ಉಸಿರು ಎಲ್ಲಿಯವರೆಗೆ ಇಳಿಯುತ್ತೆ ನೋಡಿ ಎಂದಳು. ನೋಡಿಕೊಂಡೆ. ಕೊರಳಿಂದ ನಾಲ್ಕು ಬೆರಳು ಕೆಳಗೆ ಹೋಗಿ ಹಿಂದಿರುಗುತ್ತದೆ, ಅದರಾಚೆ ದಾರಿಯಿಲ್ಲ. ಉಳಿದ ಹೊತ್ತೆಲ್ಲ ಕಿಟಕಿಯಿಂದ ಹೊರಗೆ ನೋಡಿಸಿದಳು. ಎದುರು ಕಟ್ಟಡದ ತಾರಸಿ, ನೀರಿನ ತೊಟ್ಟಿ, ಅದರ ಮುಚ್ಚಳದ ಮೇಲೊಂದು ಕಾಗೆ. ಕಾಗೆ ನೋಡಲು ನಮ್ಮ ಮನೆ ಕಿಟಕಿ ಸಾಲದಿತ್ತೆ?

ಮನೆಯಲ್ಲಿ ಇವಳು ಏನೋ ಕೇಳಿದಳು. ಹೇಗಿತ್ತು ಎಂದಿರಬೇಕು. ಇತ್ತೀಚೆಗೆ ಇವಳ ಮಾತು ಒಂದೂ ಕಿವಿಗೆ ಬೀಳುವುದಿಲ್ಲ. ಬಾಯಿಬಿಟ್ಟು ಹೇಳಿದರೆ ಗಂಟೇನು ಹೋಗುತ್ತದೆ?

ಫೆಬ್ರವರಿ 13, ಗುರುವಾರ

ಚಾಪೆ ಡಾಕ್ಟರು ಇವತ್ತೂ ಕಥೆ ಕೇಳಲಿಲ್ಲ. ಊರಿಗೆ ಊರೇ ಕೇಳಿದ್ದಾಯಿತು, ಕೇಳಬೇಕಾದವಳು ಕೇಳುತ್ತಿಲ್ಲ. ಇಲ್ಲಾದರೂ ಬರೆದು ಹಗುರಾಗುತ್ತೇನೆ.

ಅದೊಂದು ಕಚೇರಿ ಕಟ್ಟಡ. ಲಿಫ್ಟು ಓಡಾಡುವ ಬಾವಿಯ ತಳದ ಗುಂಡಿಯಲ್ಲಿ ನೀರು ನಿಂತಿತ್ತು. ನೀರು ತೆಗೆದು, ಅಲ್ಲಿನ ಸ್ಪ್ರಿಂಗುಗಳಿಗೆ ಎಣ್ಣೆ ಹಚ್ಚಲು ಇಳಿದಿದ್ದೆ. ಕರೆಂಟು ತೆಗೆಸಿದ್ದೆ. ಲಿಫ್ಟು ಮೂರನೇ ಮಹಡಿಯಲ್ಲಿ ನಿಂತಿತ್ತು. ಕಚೇರಿ ಖಾಲಿ ಮಾಡುತ್ತಿದ್ದವರು ಅದರೊಳಗೆ ಕಬ್ಬಿಣದ ಬೀರುಗಳನ್ನು ತುಂಬಿದರು. ಮೇಲೆ ಬ್ರೇಕು ಸವೆದಿದ್ದದ್ದು ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

ಲಿಫ್ಟು ಬೀಳಲಿಲ್ಲ. ಇಳಿಯಿತು. ಮೆಲ್ಲಗೆ, ಕಿರುಗುಟ್ಟುತ್ತ. ಏಣಿ ಎದುರುಗಡೆ ಗೋಡೆಗಿತ್ತು, ಅಲ್ಲಿಗೆ ಹೋಗುವಷ್ಟು ಹೊತ್ತಿರಲಿಲ್ಲ. ಅಂಗಾತ ಮಲಗಿದೆ. ಲಿಫ್ಟಿನ ತಳ ಬಂದು ನನ್ನ ಅಂಗಿಗೆ ತಾಗಿ ನಿಂತಿತು. ಒತ್ತಲಿಲ್ಲ, ತಾಗಿತು ಅಷ್ಟೆ. ದೊಡ್ಡ ಉಸಿರು ತೆಗೆದರೆ ಎದೆ ಕಬ್ಬಿಣಕ್ಕೆ ಹತ್ತುತ್ತಿತ್ತು, ಅದಕ್ಕೇ ಚಿಕ್ಕ ಚಿಕ್ಕ ಉಸಿರು. ಮೊಣಕಾಲು ಅರ್ಧ ಮಡಿಚಿದ್ದವು. ಒದೆಯಬೇಕು ಅನ್ನಿಸುತ್ತಿತ್ತು. ಒದ್ದರೆ ಎಲ್ಲಿ ಇನ್ನಷ್ಟು ಇಳಿಯುತ್ತದೋ ಎಂದು ತಡೆದುಕೊಂಡೆ. ಮೇಲೆ ಯಾರೋ ಓಡಿದರೆ, ಬಾಗಿಲು ಬಡಿದರೆ, ಹಗ್ಗ ಕಿರುಗುಟ್ಟಿದರೆ, ಒಂದೊಂದು ಸದ್ದಿಗೂ ಕೂದಲೆಳೆಯಷ್ಟು ಕೆಳಗೆ ಬಂತು ಅನ್ನಿಸುತ್ತಿತ್ತು. ಬೀರುಗಳನ್ನು ಇಳಿಸಿ, ಚಕ್ರವನ್ನು ಕೈಯಿಂದ ತಿರುಗಿಸಿ ಲಿಫ್ಟನ್ನು ಎತ್ತುವಷ್ಟರಲ್ಲಿ ಸಂಜೆಯಾಗಿತ್ತು. ನನ್ನ ಕಾಲ ಮೇಲೆ ನಾನೇ ನಡೆದು ಆಂಬುಲೆನ್ಸ್ ಹತ್ತಿದೆ. ನೋಡಿದವರೆಲ್ಲ ಪುಣ್ಯವಂತ ಎಂದರು.

ಇಷ್ಟೇ ಕಥೆ. ಬರೆದಮೇಲೆ ಹಗುರವೇನೂ ಆಗಲಿಲ್ಲ, ಕೈ ತಣ್ಣಗಾಯಿತು. ಎಂದಿನಂತೆ ಕುರ್ಚಿಯಲ್ಲೇ ಕೂತು ನಿದ್ದೆ ಮಾಡಬೇಕು. ಇವಳು ಅಡುಗೆಮನೆ ಬಾಗಿಲು ಮುಚ್ಚಿಕೊಂಡು ಪಾತ್ರೆ ತೊಳೆಯುತ್ತಿದ್ದಾಳೆ. ಆದರೂ ಕೇಳಿಸುತ್ತದೆ.

ಫೆಬ್ರವರಿ 27, ಗುರುವಾರ

ಚಾಪೆಯ ಮೇಲೆ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟು, ಎರಡೂ ಪಾದಗಳನ್ನು ಗೋಡೆಗೆ ಇಡಿಸಿದಳು.

"ಒತ್ತಿ. ಮೆಲ್ಲಗೆ. ಗೋಡೆ ಎಲ್ಲೂ ಓಡಿಹೋಗಲ್ಲ. ಸಾಕು ಅನ್ನಿಸಿದ್ರೆ ಸಾಕು ಅನ್ನಿ, ಅಲ್ಲಿಗೆ ನಿಲ್ಲಿಸೋಣ."

ಒತ್ತಿದೆ. ತೊಡೆ ಅದುರಲು ಶುರುವಾಯಿತು. ತಡೆಯಲು ನೋಡಿದೆ, ಇನ್ನೂ ಜಾಸ್ತಿಯಾಯಿತು. ಚಳಿಜ್ವರ ಬಂದವನ ಹಾಗೆ ಸೊಂಟದಿಂದ ಕೆಳಗೆ ಗಡಗಡ. ಅವಳು ಮುಟ್ಟಲಿಲ್ಲ, ಹತ್ತಿರವೂ ಬರಲಿಲ್ಲ. "ಬಿಡಿ, ನಡುಗಲಿ. ಕಾಲಿಗೆ ಅರ್ಧಕ್ಕೆ ನಿಂತ ಕೆಲಸ ಇದೆ, ಮುಗಿಸ್ಕೊಳ್ಳಲಿ" ಎಂದಳು. ಕಣ್ಣಿಂದ ನೀರು ಬಂತು. ಅತ್ತದ್ದಲ್ಲ. ನೀರು ಬಂತು.

ಇನ್ನು ಅಲ್ಲಿಗೆ ಕಾಲಿಡುವುದಿಲ್ಲ ಎಂದು ಮನೆಯಲ್ಲಿ ಹೇಳಿದೆ. ಇವಳು ತಲೆಯಾಡಿಸಿದಳು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಪಕ್ಕದಲ್ಲಿ ಚಹಾ ಇತ್ತು. ಯಾವಾಗ ತಂದಿಟ್ಟು ಹೋದಳೋ ತಿಳಿಯಲೇ ಇಲ್ಲ.

ಮಾರ್ಚ್ 6, ಗುರುವಾರ

ಹೋಗಲಿಲ್ಲ.

ಮಾರ್ಚ್ 11, ಮಂಗಳವಾರ

ಮೇಸ್ತ್ರಿ ಕೈಚಾಚಿ ಕೀಲಿ ಕೇಳಿದ. ಗುರುವಾರ ಹೋಗುತ್ತೇನೆ ಎಂದೆ. ಅವನ ಬಾಯಿ ಮುಚ್ಚಿಸಲು.

ಮಾರ್ಚ್ 20, ಗುರುವಾರ

ಇವತ್ತು ನಗು ಬರುವಂಥದ್ದು ನಡೆಯಿತು. ಚಾಪೆಯ ಮೇಲೆ ಮಲಗಲು ಆಗುತ್ತದೆಯೇ ಎಂದು ಚಾಪೆ ಡಾಕ್ಟರು ಕೇಳಿದರು. ಒಂದು ಮಗ್ಗುಲಾದರೆ ಆಗಬಹುದು ಎಂದೆ. ಆಮೇಲೆ ಅಂಗಾತ. ಒಂದು ಮಡಿಚಿದ ಕಂಬಳಿ ಕೊಟ್ಟರು. "ಎದೆ ಮೇಲೆ ನೀವೇ ಇಟ್ಕೊಳ್ಳಿ. ಬೇಡ ಅನ್ನಿಸಿದ ಕೂಡ್ಲೆ ನೀವೇ ಎತ್ತಿ ಬಿಸಾಡಿ. ಎಲ್ಲಿಗೆ ಬಿದ್ರೂ ಪರವಾಗಿಲ್ಲ." ಇಟ್ಟುಕೊಂಡೆ, ಬಿಸಾಡಿದೆ. ತಂದುಕೊಟ್ಟರು. ಮತ್ತೆ ಬಿಸಾಡಿದೆ. ಕೈಯಿಂದ, ಆಮೇಲೆ ಮೊಣಕಾಲಿಂದ, ಆಮೇಲೆ ಎರಡೂ ಕಾಲು ಸೇರಿಸಿ ಒದ್ದು. ಒಂದು ಸಲ ಅದು ಹಾರಿ ಅವರ ತಲೆಯ ಮೇಲೇ ಬಿತ್ತು. ಕಂಬಳಿಯೊಳಗಿಂದ ಅವರು, "ಇದು ಲೆಕ್ಕಕ್ಕಿಲ್ಲ, ಇನ್ನೊಂದು ಸಲ" ಎಂದರು. ನಾನು ನಕ್ಕ ಸದ್ದು ಕೆಳಗಿನ ಇಸ್ತ್ರಿ ಅಂಗಡಿಗೂ ಕೇಳಿರಬೇಕು.

ಮಾರ್ಚ್ 23, ಭಾನುವಾರ

ಎದ್ದಾಗ ಗೋಡೆಯ ಮೇಲೆ ಬಿಸಿಲು ಬಿದ್ದಿತ್ತು. ಕುರ್ಚಿ ಬೆನ್ನಿಗೆ ಒತ್ತುತ್ತಿತ್ತೆಂದು ನಡುವೆ ಎದ್ದು ಹಾಸಿಗೆಗೆ ಹೋಗಿದ್ದೆನೆಂದು ಕಾಣುತ್ತದೆ. ಹಾಸಿಗೆಯ ಆ ಮಗ್ಗುಲು ನೀಟಾಗಿ ಹಾಸಿದ್ದು ಹಾಸಿದಂತೇ ಇತ್ತು. ಇವಳು ಮುಂದಿನ ಕೋಣೆಯ ಸೋಫಾದಲ್ಲಿ ಮಲಗುತ್ತಾಳೆ ಎಂಬುದು ನನಗೆ ಮರೆತೇಹೋಗಿತ್ತು.

ಕೊಡೆಯ ಕಡ್ಡಿ ಮುರಿದಿದೆ, ರಿಪೇರಿಗೆ ಕೊಡಬೇಕು.

ಏಪ್ರಿಲ್ 3, ಗುರುವಾರ

ಚಾಪೆ ಡಾಕ್ಟರು ಕಣ್ಣು ಮುಚ್ಚಿಸಿ ಸದ್ದುಗಳನ್ನು ಕೇಳಿಸಿದರು. ಕೆಳಗೆ ಯಂತ್ರ ತಿರುಗುವುದು, ರಸ್ತೆಯಲ್ಲಿ ಬಸ್ಸು ಗೇರು ಬದಲಿಸುವುದು, ಯಾರೋ ಮೊಳೆ ಹೊಡೆಯುವುದು. ಒಂದೊಂದಕ್ಕೂ ಮೈ ಎಲ್ಲಿ ಬಿಗಿಯುತ್ತದೆ, ಎಲ್ಲಿ ಸಡಿಲವಾಗುತ್ತದೆ ಎಂದು ಹೇಳಬೇಕು. ಈಗೀಗ ಹೇಳಲು ಬರುತ್ತದೆ. ಕೊನೆಗೆ, "ನಿಮಗೆ ಇಷ್ಟವಾದ ಸದ್ದು ಯಾವುದು?" ಎಂದು ಕೇಳಿದರು.

ಎಷ್ಟು ಹೊತ್ತು ತಡಕಾಡಿದರೂ ಸಿಗಲಿಲ್ಲ. ಆಮೇಲೆ ಬಾಯಿ ತಾನಾಗಿ ಹೇಳಿತು.

"ಮಕ್ಕಳು ಹಾಡೋದು. ನನ್ನ ಹೆಂಡತಿ ಮನೇಲಿ ಹಾಡಿನ ಪಾಠ ಹೇಳ್ತಿದ್ಲು. ನಮಗೆ ಮಕ್ಕಳಿಲ್ಲ. ಆದ್ರೆ ಸಂಜೆ ಆದ್ರೆ ಮನೆ ತುಂಬ ಮಕ್ಕಳು. ಒಬ್ಬೊಬ್ಬರದು ಒಂದೊಂದು ಶ್ರುತಿ. ಅಷ್ಟೂ ಜನರ ಮೇಲೆ ಇವಳ ಒಂದು ದನಿ. ನಾನು ಕೆಲಸದಿಂದ ಬರುವಾಗ ಕೆಳಗಿನ ರಸ್ತೆಗೇ ಕೇಳಿಸ್ತಿತ್ತು."

"ಈಗ?"

"ಈಗ ಇಲ್ಲ."

"ಯಾಕೆ?"

ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಇವತ್ತು ಮನೆಗೆ ಬಂದವನು ಕರೆಗಂಟೆ ಒತ್ತದೆ ಬಾಗಿಲ ಹೊರಗೆ ನಿಂತೆ. ಪಕ್ಕದ ಮನೆಯ ಟಿವಿ, ಮೇಲಿನ ಮನೆಯವರ ಚಪ್ಪಲಿ ಸದ್ದು. ನಮ್ಮ ಬಾಗಿಲಿಗೆ ಕಿವಿಗೊಟ್ಟೆ. ಒಳಗೆ ಯಾರೂ ಇಲ್ಲವೆಂದುಕೊಂಡೆ. ಬಾಗಿಲು ತೆರೆದರೆ ಇವಳು ಒಲೆಯ ಮುಂದೆಯೇ ಇದ್ದಳು, ಅಡುಗೆ ಮಾಡುತ್ತ.

ಏಪ್ರಿಲ್ 6, ಭಾನುವಾರ

ಒಗೆದ ಬಟ್ಟೆ ಮಡಿಚುತ್ತಿದ್ದಾಗ ಎದುರು ಕೂತು ಕೇಳಿದೆ.

"ಪಾಠ ಹೇಳೋದು ಯಾವಾಗ ಬಿಟ್ಟೆ ನೀನು?"

"ನೀವು ಆಸ್ಪತ್ರೆಯಿಂದ ಬಂದ ವಾರ."

"ಬಿಡು ಅಂತ ನಾನು ಅಂದಿದ್ನಾ?"

"ಇಲ್ಲ. ನೀವೇನೂ ಅನ್ಲಿಲ್ಲ. ಮಕ್ಕಳು ದನಿ ಎತ್ತಿದ ಕೂಡ್ಲೆ ಬಚ್ಚಲುಮನೆಗೆ ಹೋಗಿ ಚಿಲಕ ಹಾಕ್ಕೊಳ್ತಿದ್ರಿ. ಒಂದು ದಿನ ಚಿಲಕ ಮರೆತಿದ್ರಿ, ನೋಡಿದ್ರೆ ನಲ್ಲಿ ಬಿಟ್ಕೊಂಡು ಬಕೆಟ್ ಪಕ್ಕ ಮುದುಡ್ಕೊಂಡು ಕೂತಿದ್ರಿ, ಎರಡೂ ಕಿವಿಗೆ ಟವೆಲ್ ಒತ್ಕೊಂಡು. ಇನ್ನೇನು ಮಾಡ್ಲಿ? ಬೇರೆ ಟೀಚರ್ ಹತ್ರ ಕಳಿಸಿಬಿಟ್ಟೆ."

ಹೇಳುವಾಗ ಕೋಪವಿರಲಿಲ್ಲ. ಅಂಗಿಯ ತೋಳುಗಳನ್ನು ಹಿಂದಕ್ಕೆ ಮಡಿಚಿ, ಕಾಲರು ನೇರ ಮಾಡಿ, ನನ್ನ ಅಂಗಿಗಳ ಮೇಲೆ ಇಟ್ಟಳು. ಇಷ್ಟನ್ನೂ ಎಷ್ಟು ಮೆಲ್ಲಗೆ ಹೇಳಿದಳೆಂದರೆ ಕೇಳಲು ನಾನು ಮುಂದಕ್ಕೆ ಬಗ್ಗಬೇಕಾಯಿತು. ಪಾಪದವಳು ಇದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು ಓಡಾಡುತ್ತಿದ್ದಾಳೆ, ಮನೆಯಲ್ಲಿ ಇವಳ ಸದ್ದು ಜಾಸ್ತಿಯಾಯಿತೆಂದು ನಾನು ಗೊಣಗುತ್ತಿದ್ದೇನೆ.

ಏಪ್ರಿಲ್ 13, ಭಾನುವಾರ

ಅಟ್ಟದಿಂದ ಇವಳು ಪಾಠಕ್ಕೆ ನುಡಿಸುತ್ತಿದ್ದ ಕೀಬೋರ್ಡು ಇಳಿಸಿದೆ. ಧೂಳು ಒರೆಸಿ ಮುಂದಿನ ಕೋಣೆಯಲ್ಲಿ, ಮೊದಲು ಇರುತ್ತಿದ್ದ ಕಡೆಯೇ ಇಟ್ಟೆ. ಇವಳು ಬಾಗಿಲಲ್ಲಿ ನಿಂತು, "ಬೇಡ ರೀ" ಎಂದಳು. ನನಗೆ ಉತ್ಸಾಹ. ಹಳೆಯ ಶಿಷ್ಯೆಯೊಬ್ಬಳು ಇದೇ ಬೀದಿಯ ಕೊನೆಯ ಮನೆಯಲ್ಲಿದ್ದಾಳೆ, ಗುಂಗುರು ಕೂದಲಿನವಳು. ಆಗ ಕಾಲು ನೆಲಕ್ಕೆ ಎಟುಕದ ಪುಟಾಣಿ. ನಾನೇ ಹೋಗಿ ಕರೆದುಕೊಂಡು ಬಂದೆ. ಹೆಂಡತಿಗೆ ಒಂದು ಸಂತೋಷ ಕೊಡಬೇಕು ಅನ್ನಿಸಿತ್ತು.

ಹುಡುಗಿ ಎತ್ತರವಾಗಿದ್ದಾಳೆ. ನಾಚುತ್ತ ಒಂದು ಹಾಡು ಹೇಳಿದಳು. ಎದೆ ಸ್ವಲ್ಪ ಹೊಡೆದುಕೊಂಡಿತು, ಪಾದ ನೆಲಕ್ಕೆ ಒತ್ತಿಕೊಂಡು ಕೂತೆ, ಇಳಿಯಿತು. ಎಷ್ಟು ಚೆನ್ನಾಗಿತ್ತು! ನಡುವೆ ಒಂದು ಕಡೆ ಸ್ವರ ತಪ್ಪಿತು. ಇವಳ ಬೆರಳು ತಾನಾಗಿ ಎದ್ದಿತು.

"ಅಲ್ಲಿ ಹಾಗಲ್ಲ ಮರಿ. ನೋಡು..." ಎಂದು ಮೆಲ್ಲಗೆ ಹೇಳಿ, ಹಾಡಿ ತೋರಿಸಲು ಬಾಯಿ ತೆರೆದಳು.

ಗಾಳಿ ಬಂತು, ದನಿ ಬರಲಿಲ್ಲ. ಒಣ ಎಲೆಯ ಮೇಲೆ ಕಾಲಿಟ್ಟಂತೆ ಏನೋ ಒಂದು ಸದ್ದು. ಕೆಮ್ಮಿ ಇನ್ನೊಂದು ಸಲ ನೋಡಿದಳು. ಆಗಲಿಲ್ಲ. ಮೂರನೇ ಸಲ ಶುರು ಮಾಡುವ ಮೊದಲು ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಬಾಯಿ ಮುಚ್ಚಿದಳು. ಕೀಬೋರ್ಡಿನಲ್ಲಿ ಆ ಸ್ವರ ಒತ್ತಿ ತೋರಿಸಿದಳು, ಅದೂ ದನಿ ತೀರ ಕಡಿಮೆ ಮಾಡಿ.

ಹುಡುಗಿ, "ಮಿಸ್, ನಿಮಗೆ ಗಂಟಲು ನೋವಾ?" ಎಂದು ಕೇಳಿದಳು.

"ಹೂಂ, ಸ್ವಲ್ಪ ನೆಗಡಿ" ಎಂದಳು ಇವಳು.

ಏಪ್ರಿಲ್ 17, ಗುರುವಾರ

ಇವಳನ್ನು ಗಂಟಲಿನ ಡಾಕ್ಟರಿಗೆ ತೋರಿಸಿದ್ದಾಯಿತು. ಕೊಳವೆ ಹಾಕಿ ನೋಡಿ, ಏನೂ ತೊಂದರೆಯಿಲ್ಲ, ಎಲ್ಲ ಸರಿಯಿದೆ ಎಂದಿದ್ದಾರೆ. ಅದನ್ನು ಚಾಪೆ ಡಾಕ್ಟರಿಗೆ ಹೇಳಿದೆ. ನನ್ನ ವಿಷಯ ಇವತ್ತು ಬೇಡ, ಹೆಂಡತಿಯದು ಹೇಳಿ ಎಂದೆ.

"ಅವರ ಗಂಟಲು ಕಾಯ್ತಾ ಇದೆ" ಎಂದರು.

"ಯಾವುದಕ್ಕೆ?"

"ಯಾವುದಕ್ಕೂ ಅಲ್ಲ. ನಿಮ್ಮನ್ನ ಕಾಯ್ತಾ ಇದೆ. ಕಾವಲು."

ಬಸ್ಸು ಹಿಡಿಯದೆ ನಡೆದೇ ಬಂದೆ. ಇವತ್ತು ಬೇಕೆಂದೇ ನೋಡಿದೆ. ನಾನು ಚಪ್ಪಲಿ ಬಿಡುವ ಸದ್ದಿಗೆ ಇವಳ ಭುಜ ಕಿವಿಯ ಕಡೆ ಏರುತ್ತದೆ. ನಾನು ಕೂತಮೇಲೆ ಒಂದಿಷ್ಟು ಇಳಿಯುತ್ತದೆ, ಪೂರ್ತಿ ಇಳಿಯುವುದಿಲ್ಲ. ತಟ್ಟೆ ಇಡುವಾಗ ಉಸಿರು ಹಿಡಿದಿರುತ್ತಾಳೆ. ನಲ್ಲಿಯ ಕೆಳಗೆ ಪಾತ್ರೆ ಇಡುವಾಗ ಒಳಗೆ ಒಂದು ಬಟ್ಟೆ ಹಾಕುತ್ತಾಳೆ, ನೀರು ಬೀಳುವ ಸದ್ದಾಗದಿರಲಿ ಎಂದು. ಮೈ ಓದುವುದನ್ನು ನನಗೆ ಕಲಿಸಿದರು. ಕಲಿತವನಿಗೆ ಓದಲು ಮನೆಯಲ್ಲಿ ಸಿಕ್ಕಿದ್ದು ಇದು.

ಮೇ 1, ಗುರುವಾರ

ನನ್ನ ಸರದಿಯನ್ನು ಇವಳಿಗೆ ಬಿಟ್ಟುಕೊಟ್ಟೆ. ಬರಲು ಒಪ್ಪಿಸಲು ಒಂದು ವಾರ ಹಿಡಿಯಿತು. ಚಾಪೆ ಡಾಕ್ಟರು ಬಾಗಿಲಲ್ಲೇ ನನ್ನನ್ನು ತಡೆದರು. "ನೀವು ಕೆಳಗೆ ಕೂತಿರಿ."

ಮೆಟ್ಟಿಲ ಮೇಲೆ ಕೂತೆ. ಹಬೆಗೆ ಅಂಗಿಯೆಲ್ಲ ಒದ್ದೆಯಾಯಿತು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಮೇಲಿಂದ ಒಂದು ಗುಂಯ್ ಎನ್ನುವ ದನಿ. ಅಂಗಡಿಯ ಯಂತ್ರವೋ ಎಂದು ನೋಡಿದರೆ ಯಂತ್ರ ನಿಂತಿತ್ತು. ದನಿ ಒಂದೇ ಸ್ವರ ಹಿಡಿದು ನಡುಗಿತು, ಒಡೆಯಿತು, ಮತ್ತೆ ಹತ್ತಿತು. ಇವಳದು! ಇವಳದೇ! ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದೆ. ಬಾಗಿಲು ತಳ್ಳಿದೆ.

ನಿಂತುಹೋಯಿತು. ಇವಳು ಚಾಪೆಯ ಮೇಲೆ ಕೂತಿದ್ದಳು, ಒಂದು ಕೈ ಗಂಟಲ ಮೇಲೆ, ಒಂದು ಹೊಟ್ಟೆಯ ಮೇಲೆ. ಭುಜ ಏರಿದ್ದನ್ನು ನಾನೂ ನೋಡಿದೆ, ಚಾಪೆ ಡಾಕ್ಟರೂ ನೋಡಿದರು, ಇವಳಿಗೂ ತಿಳಿಯಿತು. ನಾನು ಬಾಗಿಲು ಮುಚ್ಚಿಕೊಂಡು ಕೆಳಗಿಳಿದೆ.

ಮೇ 4, ಭಾನುವಾರ

ಮಧ್ಯಾಹ್ನ ಇವಳೇ ಮಾತೆತ್ತಿದಳು.

"ಸ್ವಲ್ಪ ದಿನ ತಂಗಿ ಮನೇಲಿ ಇರ್ತೀನಿ ರೀ."

ನಾದಿನಿಯ ಮನೆಯೆಂದರೆ ಸಂತೆ. ಅವಳಿಗೆ ಮೂರು ಮಕ್ಕಳು, ಗಂಡ ಮಾತಾಡಿದರೂ ಜಗಳವಾಡಿದಂತೆ, ಟಿವಿ ಆರಿಸುವ ಗುಂಡಿ ಇದೆ ಎಂಬುದೇ ಯಾರಿಗೂ ಗೊತ್ತಿಲ್ಲ. ಮೊದಲೆಲ್ಲ ಅಲ್ಲಿಗೆ ಹೋಗಿಬಂದರೆ ಇವಳು ತಲೆನೋವೆಂದು ಮಲಗುತ್ತಿದ್ದಳು.

"ಅಲ್ಲಿ ಏನು ಸುಖ? ನಂಗೀಗ ವಾಸಿಯಾಗಿದೆ ಕಣೇ. ನೀನು ಜೋರಾಗಿ ಮಾತಾಡು, ಪಾತ್ರೆ ಎತ್ತಿಹಾಕು, ಬೇಕಾದ್ರೆ ಬೈಯಿ. ನಾನೇನೂ ಆಗಲ್ಲ, ನೋಡ್ತಿರು."

"ಗೊತ್ತು. ನಿಮಗೆ ವಾಸಿಯಾಗಿದೆ ಅಂತ ನಂಗೆ ಗೊತ್ತು. ಇದಕ್ಕೆ ಗೊತ್ತಾಗ್ತಿಲ್ಲ." ಗಂಟಲನ್ನು ಎರಡು ಬೆರಳಲ್ಲಿ ಮುಟ್ಟಿ ತೋರಿಸಿದಳು. "ಈ ಮನೇಲಿ ಇದು ಏಳಲ್ಲ ರೀ. ಮೊನ್ನೆ ನೀವು ಕೆಲಸಕ್ಕೆ ಹೋದಾಗ ಒಬ್ಳೇ ಇದ್ದೆ, ಬಾಗಿಲು ಹಾಕ್ಕೊಂಡು ನೋಡ್ದೆ. ಆಗ್ಲೂ ಏಳ್ಲಿಲ್ಲ. ಗೋಡೆಗೂ ಅಭ್ಯಾಸ ಆಗೋಗಿದೆ ಅನ್ನಿಸ್ತು."

"ನಾನು ನಿನ್ನ ಮೇಲೆ ಯಾವತ್ತೂ ಕೈಯೆತ್ತಿದವನಲ್ಲ..."

"ಅಯ್ಯೋ, ಹಾಗಂತ ಯಾರಂದ್ರು? ನೀವು ಒಳ್ಳೇವ್ರೇ. ನಿಮಗೆ ನೋವಾಗ್ಬಾರದು ಅಂತ ನಾನೇ ಮಾಡ್ಕೊಂಡಿದ್ದು. ಇನ್ನೊಂದು ಸಲ ಆದ್ರೂ ಹಾಗೇ ಮಾಡ್ತಿದ್ದೆ. ಆದ್ರೆ ಇಷ್ಟು ಒಳಗೆ ಇಳಿದಿರತ್ತೆ ಅಂತ ಗೊತ್ತಿರ್ಲಿಲ್ಲ."

ಎಷ್ಟು ದಿನ ಎಂದು ಕೇಳಿದೆ. ಗೊತ್ತಿಲ್ಲ ಎಂದಳು. ಇವಳು ಸುಳ್ಳು ಹೇಳುವವಳಲ್ಲ.

ಮೇ 10, ಶನಿವಾರ

ಬಸ್ಸಿನವರೆಗೆ ಹೋಗಿ ಬಿಟ್ಟುಬಂದೆ. ಒಂದು ಸೂಟ್‌ಕೇಸು, ಕೀಬೋರ್ಡು. ಕೀಬೋರ್ಡನ್ನು ಚಾದರದಲ್ಲಿ ಸುತ್ತಿ ನಾನೇ ಕಟ್ಟಿದೆ, ಬಿಗಿಯಾಗಿ. ಕಿಟಕಿಯ ಪಕ್ಕ ಕೂತವಳು ನನ್ನ ಕಡೆ ಬಗ್ಗಿ ಏನೋ ಹೇಳಿದಳು. ಇಂಜಿನ್ನಿನ ಸದ್ದಿಗೆ ಕೇಳಿಸಲಿಲ್ಲ. ಏನೆಂದೆ ಎಂದು ಕೂಗಿದೆ. ಮತ್ತೆ ಹೇಳಿದಳು, ಮತ್ತೆ ಕೇಳಿಸಲಿಲ್ಲ. ಬಸ್ಸು ಹೊರಟಿತು. ಸುಮ್ಮನೆ ತಲೆಯಾಡಿಸಿದೆ. ಏನಾಗಿದ್ದರೂ ಸರಿ.

ಮೇ 22, ಗುರುವಾರ

ಚಾಪೆ ಡಾಕ್ಟರು ಇನ್ನು ನೀವು ಪ್ರತಿ ವಾರ ಬರಬೇಕಾಗಿಲ್ಲ, ತಿಂಗಳಿಗೊಮ್ಮೆ ಸಾಕು ಎಂದರು. ಮೇಸ್ತ್ರಿಯೊಂದಿಗೆ ಮೊನ್ನೆ ಒಂದು ಲಿಫ್ಟಿನ ಮೋಟಾರು ಕೋಣೆಗೆ ಹೋಗಿದ್ದೆ. ಗುಂಡಿಗೆ ಇಳಿಯಲಿಲ್ಲ. ಅದಿನ್ನೂ ದೂರ. ಆದರೆ ಹಗ್ಗ ಓಡುವುದನ್ನು ನಿಂತು ಕೇಳಿದೆ. ಅದು ಬರಿಯ ಹಗ್ಗದ ಸದ್ದು. ಮೇಸ್ತ್ರಿ ಬೆನ್ನು ತಟ್ಟಿದ. ಬೆಚ್ಚಲಿಲ್ಲ. ಮನೆಗೆ ಹೋಗಿ ಹೇಳಬೇಕು ಎಂದುಕೊಂಡೆ. ಹೇಳಲು ಮನೆಯಲ್ಲಿ ಯಾರಿದ್ದಾರೆ?

ಅಡುಗೆಮನೆಯಲ್ಲಿ ಪ್ರತಿ ಲೋಟದ ಕೆಳಗೂ ಒಂದೊಂದು ಬಟ್ಟೆಯ ತುಂಡು. ಡಬ್ಬಗಳ ನಡುವೆ, ಸೌಟುಗಳ ಡ್ರಾಯರಿನಲ್ಲಿ, ಬಾಗಿಲ ಸಂದಿಯಲ್ಲಿ. ಹಳೆಯ ಅಂಗಿಯದು, ದಿಂಬಿನ ಚೀಲದ್ದು, ಚೌಕವಾಗಿ ಕತ್ತರಿಸಿ ಅಂಚು ಹೊಲಿದು ಇಟ್ಟಿದ್ದಾಳೆ. ಎಲ್ಲ ಹೆಕ್ಕಿ ತೆಗೆದೆ. ಒಂದು ಚೀಲ ತುಂಬಿತು. ಆಮೇಲೆ ಪಾತ್ರೆಗಳನ್ನು ಬೇಕೆಂದೇ ಸದ್ದುಮಾಡಿ ಜೋಡಿಸಿದೆ. ಒಂದು ತಟ್ಟೆಯನ್ನು ಎತ್ತಿ ಬಿಟ್ಟೆ. ಅದು ನೆಲದ ಮೇಲೆ ಗಿರ್ರನೆ ತಿರುಗಿ, ತಿರುಗಿ, ನಿಂತಿತು. ಇಷ್ಟೇ ಏನು? ಇಷ್ಟಕ್ಕಾಗಿಯೇ?

ಜೂನ್ 8, ಭಾನುವಾರ

ಬೆಳಿಗ್ಗೆ ಇವಳ ಮೊಬೈಲಿಗೆ ಮಾಡಿದೆ, ಎತ್ತಲಿಲ್ಲ. ನಾದಿನಿಯ ಮನೆಯ ಫೋನಿಗೆ ಮಾಡಿದೆ. ಬಹಳ ಹೊತ್ತು ಹೊಡೆದುಕೊಂಡ ಮೇಲೆ ಯಾರೋ ಎತ್ತಿದರು. ಹಿಂದೆ ಟಿವಿ, ಮಕ್ಕಳ ಕಿರುಚಾಟ, ಏನೋ ಉರುಳಿದ ಸದ್ದು.

"ಹಲೋ! ಯಾರು? ಏಯ್, ಆ ಮೇಜಿನ ಮೇಲೆ ಹತ್ಬೇಡ ಅಂದ್ನಲ್ಲ, ಇಳಿ ಕೆಳಗೆ! ಬಿದ್ರೆ ಹಲ್ಲು ಮುರ್ಕೊಳ್ತೀಯ! ಹಲೋ, ಯಾರು ಮಾತಾಡೋದು?"

ನಾದಿನಿಯ ದನಿಯಲ್ಲ ಅದು. ತುಂಬಿದ ದನಿ, ಬೀದಿಯ ತಿರುವಿಗೆ ಕೇಳಿಸುತ್ತಿದ್ದ ದನಿ. ಅಂಚಿನಲ್ಲಿ ಸ್ವಲ್ಪ ಒಡಕಿತ್ತು, ಆದರೂ ಅದೇ.

"ನಾನು" ಎಂದೆ.

ಅತ್ತ ಕಡೆ ಉಸಿರು ನಿಂತದ್ದು ಕೇಳಿಸಿತು.

"ಹೂಂ. ಹೇಳಿ" ಎಂದಳು. ಪಿಸುಮಾತು.

ಗೋಡೆಗೆ ಒರಗಿದೆ. ಊಟ ತಿಂಡಿ ಕೇಳಿದೆ. ಆಯ್ತು ಎಂದಳು. ಅವಳೂ ಕೇಳಿದಳು, ಆಯ್ತು ಎಂದೆ. ಮಂಡಿನೋವು ಹೇಗಿದೆ, ಗ್ಯಾಸು ಬಂತಾ, ಕೊಡೆ ರಿಪೇರಿ ಮಾಡಿಸಿದ್ರಾ. ಒಂದೊಂದನ್ನೂ ಫೋನು ಕಿವಿಗೆ ಒತ್ತಿಕೊಂಡು ಹೆಕ್ಕಿಕೊಳ್ಳಬೇಕಾಯಿತು. ಕೊನೆಗೆ ಅವಳೇ ಕೇಳಿದಳು.

"ಮುಂದಿನ ವಾರ ಬಂದುಬಿಡ್ಲಾ? ನೀವು ಒಬ್ರೇ ಇದೀರ."

ಬಾ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬಾ ಎಂದರೆ ಬರುತ್ತಾಳೆ. ಬಂದು, ಬಾಗಿಲೊಳಗೆ ಕಾಲಿಟ್ಟು, ಸೂಟ್‌ಕೇಸನ್ನು ಸದ್ದಾಗದಂತೆ ನೆಲಕ್ಕೆ ಇಡುತ್ತಾಳೆ.

"ಬೇಡ. ಇನ್ನೂ ಇರು. ಅಲ್ಲಿ ಚೆನ್ನಾಗಿದೀಯ" ಎಂದೆ.

ಅವಳು ಇಲ್ಲ ಎನ್ನಲಿಲ್ಲ.

"ಒಂದು ಕೆಲಸ ಮಾಡು. ಫೋನ್ ಕಟ್ ಮಾಡ್ಬೇಡ. ಅಲ್ಲೇ ಪಕ್ಕಕ್ಕೆ ಇಟ್ಟು ನಿನ್ನ ಕೆಲಸ ನೋಡ್ಕೋ."

"ಯಾಕ್ರೀ?"

"ಸುಮ್ನೆ."

ಇಟ್ಟಳು. ಮೊದಲು ಬರಿಯ ಟಿವಿ. ಆಮೇಲೆ ಯಾವುದೋ ಮಗು ಅತ್ತಿತು, ನಾದಿನಿ ಗದರಿದಳು. ಸ್ವಲ್ಪ ಹೊತ್ತು ಅವಳ ದನಿಯಿಲ್ಲ. ಫೋನಿನ ಕಡೆ ಒಂದು ಕಣ್ಣಿಟ್ಟೇ ಇದ್ದಾಳೆ ಅನ್ನಿಸಿತು. ಕಾದೆ. ಮರೆಯಲಿ, ನಾನಿರುವುದನ್ನು ಮರೆಯಲಿ ಎಂದು ಕಾದೆ. ಯಾರೋ ಟಿವಿ ಆರಿಸಿದರು. ಒಂದು ಮಗು ಹಾಡಲು ಶುರು ಮಾಡಿ ಎರಡನೇ ಸಾಲಿಗೇ ಎಡವಿತು. "ಹಾಗಲ್ಲ, ಇಲ್ಲಿ ಕೇಳು" ಎಂದಳು ಅವಳು, ದೂರದಿಂದ. ಹಾಡಿದಳು.

ನನ್ನ ಉಸಿರು ಅತ್ತ ಕೇಳಿಸಬಾರದೆಂದು ಫೋನಿನ ಮಾತಾಡುವ ತುದಿಯನ್ನು ಅಂಗೈಯಿಂದ ಮುಚ್ಚಿಕೊಂಡೆ.